ಮೇವಿನ ಮುಸುಕಿನಜೋಳ: ಇಳುವರಿ ಮತ್ತು ಗುಣಮಟ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೈನುಗಾರರ ಸಭೆಗಳಲ್ಲಿ, ಪತ್ರಗಳಲ್ಲಿ, ಡೇರಿಯ ಮುಂದಿನ ಮಾತುಕತೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಬರೀ ‘ಜೋಳ’ ಎಂದಿರುವಲ್ಲಿ ಮುಸುಕಿನಜೋಳವೆಂದೇ ಅರ್ಥ. ಲೆಕ್ಕಗಳೆಲ್ಲ ಎಕರೆಗೆ, ಕರ್ನಾಟಕದ ನೀರಾವರಿ ಅಥವಾ ಭರವಸೆಯ ಮಳೆಯ ಪರಿಸ್ಥಿತಿಗೆ ಅನ್ವಯಿಸುತ್ತವೆ.

## ಮೊದಲು ತಿಳಿಯಬೇಕಾದದ್ದು

ಅಂಗಡಿಯಲ್ಲಿ ಸಿಗುವ ಕಾಳಿನ ಹೈಬ್ರಿಡ್ ಬೀಜವನ್ನೇ ಮೇವಿಗೆ ಹಾಕಬಹುದೇ, ಇಲ್ಲ ಆಫ್ರಿಕನ್ ಟಾಲ್ ಬೀಜವೇ ಬೇಕೇ?

ಮೇವನ್ನು ಹೇಗೆ ಬಳಸುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ದಿನವೂ ಕೊಯ್ದು ಹಸಿಯಾಗಿ ಹಾಕುವುದಾದರೆ ಆಫ್ರಿಕನ್ ಟಾಲ್ ಒಳ್ಳೆಯದು. ಅದು ಎತ್ತರ ಬೆಳೆಯುತ್ತದೆ, ಅಗಲ ಎಲೆ ಬಿಡುತ್ತದೆ, ತಡವಾಗಿ ಹೂ ಬಿಡುವುದರಿಂದ ಕೊಯ್ಲಿಗೆ ಹೆಚ್ಚು ದಿನಗಳ ಅವಕಾಶ ಕೊಡುತ್ತದೆ; ಬೀಜವೂ ಅಗ್ಗ. ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಜೆ-1006 ಕೂಡ ಇದೇ ಉದ್ದೇಶದ ತಳಿ. ರಸಮೇವು, ಅಂದರೆ ಕತ್ತರಿಸಿದ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುದುಗಿಸಿಡುವ ಸೈಲೇಜ್ ಮಾಡುವುದಾದರೆ ಮಾತು ಬೇರೆ: ರಸಮೇವಿನ ಶಕ್ತಿಯ ದೊಡ್ಡ ಪಾಲು ಕಾಳಿನ ಪಿಷ್ಟದಿಂದ ಬರುವುದರಿಂದ, ದಪ್ಪ ತೆನೆ ಕಟ್ಟುವ ಮತ್ತು ತೆನೆ ಬಲಿತರೂ ಎಲೆ ಹಸಿರಾಗಿಯೇ ಉಳಿಯುವ ಕಾಳಿನ ಹೈಬ್ರಿಡ್‌ಗಳೇ ಮೇಲು. ಬಿತ್ತಿ ಉಳಿದ, ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ಮಾತ್ರ ಯಾವ ಕಾರಣಕ್ಕೂ ದನಕ್ಕೆ ಹಾಕಬೇಡಿ.

ಪಕ್ಕದ ತೋಟದವರಿಗೆ ಎಕರೆಗೆ 20 ಟನ್ ಬಂತಂತೆ, ನಮಗೆ 13 ಟನ್. ನಾವೇನು ತಪ್ಪು ಮಾಡಿದ್ದೇವೆ?

ತಪ್ಪು ಮಾಡಿಲ್ಲದೆಯೂ ಇರಬಹುದು. ಹಸಿ ಮೇವನ್ನು ತೂಗಿದಾಗ ನಾವು ತೂಗುವುದು ಬಹುಪಾಲು ನೀರನ್ನೇ. ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಬರುವ ಹೊತ್ತಿನ ಎಳೆ ಬೆಳೆಯಲ್ಲಿ ಒಣ ಪದಾರ್ಥ, ಅಂದರೆ ನೀರು ಕಳೆದು ಉಳಿಯುವ ಭಾಗ, ಶೇ. 18ರ ಆಸುಪಾಸು ಇದ್ದರೆ, ಕಾಳು ಹಿಟ್ಟುಗಟ್ಟಿದ ಬೆಳೆಯಲ್ಲಿ ಅದು ಶೇ. 30ರಿಂದ 35ರಷ್ಟಿರುತ್ತದೆ. ಎಳೆಯದಾಗಿ ಕೊಯ್ದ 20 ಟನ್‌ನಲ್ಲಿ ಸಿಗುವ ಒಣ ಪದಾರ್ಥ 3.6 ಟನ್, ಬಲಿತ ಮೇಲೆ ಕೊಯ್ದ 13 ಟನ್‌ನಲ್ಲಿ, ಶೇ. 33ರ ಲೆಕ್ಕಕ್ಕೆ, ಸುಮಾರು 4.3 ಟನ್. ಹಸುವಿಗೆ ಹಾಲು ಕೊಡಲು ಬೇಕಾದದ್ದು ಈ ಒಣ ಪದಾರ್ಥ ಮತ್ತು ಅದರಲ್ಲಿ ಜೀರ್ಣವಾಗುವ ಪಾಲು. ಆದ್ದರಿಂದ ಇಳುವರಿಯನ್ನು ಹೋಲಿಸುವ ಮೊದಲು ಯಾವ ಹಂತದಲ್ಲಿ ಕೊಯ್ದರು ಎಂದು ಕೇಳಿ. ಚೆನ್ನಾಗಿ ನೋಡಿಕೊಂಡ ಆಫ್ರಿಕನ್ ಟಾಲ್ ಬೆಳೆ ಹಸಿಯಾಗಿ ಎಕರೆಗೆ 14ರಿಂದ 18 ಟನ್ ಕೊಡುವುದು ಸಾಮಾನ್ಯ.

ಒಮ್ಮೆ ಕೊಯ್ದರೆ ಮತ್ತೆ ಚಿಗುರುತ್ತದೆಯೇ?

ಇಲ್ಲ. ಮುಸುಕಿನಜೋಳ ಒಂದೇ ಕೊಯ್ಲಿನ ಬೆಳೆ. ಹಲವು ಕೊಯ್ಲು ಬೇಕಿದ್ದರೆ ಸಿಒಎಫ್‌ಎಸ್-29ರಂತಹ ಮೇವಿನ ಬಿಳಿಜೋಳದ ತಳಿ ಅಥವಾ ನೇಪಿಯರ್ ಹುಲ್ಲನ್ನು ನೋಡಬೇಕು.

ಎರಡೇ ಹಸು ಇವೆ, ವರ್ಷವಿಡೀ ಹಸಿ ಮೇವು ಬೇಕು. ಎಷ್ಟು ಗುಂಟೆ ಬಿತ್ತಬೇಕು?

ಎಕರೆಗೆ 15 ಟನ್ ಎಂದರೆ ಗುಂಟೆಗೆ ಸುಮಾರು 375 ಕೆ.ಜಿ. ಹಸುವಿಗೆ ದಿನಕ್ಕೆ 25 ಕೆ.ಜಿ. ಹಸಿ ಮೇವಿನಂತೆ ಎರಡು ಹಸುಗಳಿಗೆ ಒಂದು ಗುಂಟೆ ಒಂದು ವಾರ ಬರುತ್ತದೆ. ಬೆಳೆ ಕೊಯ್ಲಿಗೆ ಬರಲು 60ರಿಂದ 70 ದಿನ ಬೇಕಾದ್ದರಿಂದ, ವಾರಕ್ಕೊಂದು ಗುಂಟೆಯಂತೆ ಬಿತ್ತುತ್ತ ಹೋದರೆ ಹತ್ತು-ಹನ್ನೊಂದು ಗುಂಟೆಯಲ್ಲಿ ಸರದಿ ಪೂರ್ಣಗೊಳ್ಳುತ್ತದೆ. ಡಿಸೆಂಬರ್ ಚಳಿಯಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ಆಗ ಒಂದೆರಡು ಗುಂಟೆ ಹೆಚ್ಚು ಇಟ್ಟುಕೊಳ್ಳಬೇಕು. ಹತ್ತು ಗುಂಟೆಯನ್ನೂ ಒಂದೇ ದಿನ ಬಿತ್ತಿದರೆ ಮೊದಲ ವಾರ ಎಳೆ ನೀರುಮೇವು, ಕೊನೆಯ ವಾರ ಹಸು ಮೂಸಿ ಬಿಡುವ ಗಟ್ಟಿ ದಂಟು. ನಾವು ನೋಡಿರುವ ಹೆಚ್ಚಿನ ದೂರುಗಳ ಮೂಲ ಇಲ್ಲಿದೆ.

## ಬಿತ್ತನೆ, ಗೊಬ್ಬರ, ನೀರು

ಬೀಜ ಒತ್ತಾಗಿ ಹಾಕಿದರೆ ಮೇವು ಹೆಚ್ಚು ಬರುತ್ತದಲ್ಲವೇ? ನಾವು ಎಕರೆಗೆ 40 ಕೆ.ಜಿ. ಎರಚುತ್ತೇವೆ.

ಒಂದು ಹಂತದವರೆಗೆ ಮಾತ್ರ ಹೆಚ್ಚು ಬರುತ್ತದೆ. ಹಸಿ ಮೇವಿಗೆ ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಬಿಟ್ಟರೆ ಎಕರೆಗೆ ಸುಮಾರು 90 ಸಾವಿರ ಗಿಡಗಳು ನಿಲ್ಲುತ್ತವೆ. ಇದಕ್ಕೆ 20ರಿಂದ 25 ಕೆ.ಜಿ. ಬೀಜ ಸಾಕು. ಹೀಗೆ ಒತ್ತಾಗಿ ಬೆಳೆದಾಗ ದಂಟು ತೆಳ್ಳಗಾಗಿ ಹಸು ಪೂರ್ತಿ ತಿನ್ನುತ್ತದೆ, ಇದು ಲಾಭವೇ. ಅದಕ್ಕೂ ಹೆಚ್ಚು ಒತ್ತಾದರೆ ಬೆಳಕು ಸಿಗದೆ ಕೆಳಗಿನ ಎಲೆಗಳು ಬೇಗ ಹಳದಿಯಾಗಿ ಒಣಗುತ್ತವೆ, ಗಿಡ ಬೆಳಕಿಗಾಗಿ ಮೇಲೆ ಮೇಲೆ ಎಳೆದು ಗಾಳಿಗೆ ಮಲಗುತ್ತದೆ. ನೆಲಕ್ಕೆ ಬಿದ್ದ ಮೇವಿಗೆ ಮಣ್ಣು ಅಂಟುವುದು ಬೇರೆ. ಎರಚಿ ಬಿತ್ತಿದಾಗ ಅರ್ಧ ಬೀಜ ಮೇಲೆಯೇ ಉಳಿದು ಹಕ್ಕಿ, ಅಳಿಲುಗಳ ಪಾಲಾಗುವುದರಿಂದ 40 ಕೆ.ಜಿ. ಬೇಕಾಗುತ್ತದೆಯೇ ಹೊರತು ಬೆಳೆಗೆ ಅಷ್ಟು ಬೇಕೆಂದಲ್ಲ.

ರಸಮೇವಿನ ಬೆಳೆಗೆ ಈ ಸಾಂದ್ರತೆ ಸಲ್ಲದು. ಒತ್ತಿದಷ್ಟೂ ತೆನೆ ಸಣ್ಣದಾಗುತ್ತದೆ, ಕೆಲವು ಗಿಡ ತೆನೆಯನ್ನೇ ಬಿಡುವುದಿಲ್ಲ. 60 ಸೆಂ.ಮೀ. ಸಾಲಿನಲ್ಲಿ 20 ಸೆಂ.ಮೀ.ಗೆ ಒಂದು ಬೀಜದಂತೆ ಹಾಕಿದರೆ ಎಕರೆಗೆ ಸುಮಾರು 33 ಸಾವಿರ ಗಿಡಗಳಾಗುತ್ತವೆ. ಫಲವತ್ತಾದ, ನೀರಿನ ಕೊರತೆಯಿಲ್ಲದ ಜಮೀನಿನಲ್ಲಿ 40 ಸಾವಿರದವರೆಗೆ ಹೋಗಬಹುದು. 8ರಿಂದ 10 ಕೆ.ಜಿ. ಬೀಜ ಸಾಕು.

ಯಾವ ಗೊಬ್ಬರ, ಯಾವಾಗ, ಎಷ್ಟು ಚೀಲ?

ಎಕರೆಗೆ ನಾಲ್ಕು ಟನ್ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆಗೆ 40ರಿಂದ 48 ಕೆ.ಜಿ. ಸಾರಜನಕ, 20ರಿಂದ 24 ಕೆ.ಜಿ. ರಂಜಕ, 10ರಿಂದ 16 ಕೆ.ಜಿ. ಪೊಟ್ಯಾಷ್ ಕೊಡುವುದು ರೂಢಿಯಲ್ಲಿರುವ ಪ್ರಮಾಣ. ಚೀಲದ ಲೆಕ್ಕದಲ್ಲಿ ಹೇಳುವುದಾದರೆ, ಬಿತ್ತುವಾಗ 50 ಕೆ.ಜಿ.ಯ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಡೈ ಅಮೋನಿಯಂ ಫಾಸ್ಫೇಟ್) ಮತ್ತು 25 ಕೆ.ಜಿ. ಮ್ಯುರೇಟ್ ಆಫ್ ಪೊಟ್ಯಾಷ್. ಆಮೇಲೆ 45 ಕೆ.ಜಿ.ಯ ಒಂದೂವರೆಯಿಂದ ಎರಡು ಚೀಲ ಯೂರಿಯಾ. ಯೂರಿಯಾವನ್ನು 20-25ನೇ ದಿನ ಅರ್ಧ, ಮೊಣಕಾಲು ದಾಟಿ ಬೆಳೆ ಭರದಿಂದ ಮೇಲೇಳುವ 35-40ನೇ ದಿನ ಇನ್ನರ್ಧ ಕೊಡಿ. ಎರಡು ಬಾರಿಯೂ ಮಣ್ಣಿನಲ್ಲಿ ಹದವಿರಬೇಕು, ಸಾಲಿನ ಪಕ್ಕಕ್ಕೆ ಹಾಕಿ ಮಣ್ಣು ಮುಚ್ಚಬೇಕು. ಹೊಸದಾಗಿ ಬಿಚ್ಚುವ ಎಲೆಗಳ ಬುಡದಲ್ಲಿ ಅಗಲವಾದ ಬಿಳಿ ಪಟ್ಟೆ ಕಂಡರೆ ಅದು ಸತುವಿನ ಕೊರತೆ. ಮುಂದಿನ ಬೆಳೆಗೆ ಎಕರೆಗೆ 10 ಕೆ.ಜಿ. ಸತುವಿನ ಸಲ್ಫೇಟನ್ನು ಮಣ್ಣಿಗೆ ಸೇರಿಸಿ, ಆದರೆ ಡಿಎಪಿಯ ಜೊತೆ ಬೆರೆಸಬೇಡಿ. ಮಣ್ಣು ಪರೀಕ್ಷೆಯ ವರದಿ ಕೈಯಲ್ಲಿದ್ದರೆ ಮೇಲಿನ ಲೆಕ್ಕವನ್ನು ಬಿಟ್ಟು ಅದನ್ನೇ ಅನುಸರಿಸಿ.

ಯೂರಿಯಾ ಹಾಕಿದಷ್ಟೂ ಮೇವು ಕಡುಹಸಿರಾಗುತ್ತದೆ. ಹಾಗಾದರೆ ಹಾಲೂ ಹೆಚ್ಚಬೇಕಲ್ಲವೇ?

ಸಾರಜನಕ ಕಡಿಮೆಯಿರುವ ಜಮೀನಿನಲ್ಲಿ ಮೊದಲ ಚೀಲ ಯೂರಿಯಾ ಎರಡು ಕೆಲಸ ಮಾಡುತ್ತದೆ: ಎಲೆ ಅಗಲವಾಗಿ ಇಳುವರಿ ಏರುತ್ತದೆ, ಮೇವಿನ ಪ್ರೋಟೀನ್ ಅಂಶವೂ ಏರುತ್ತದೆ. ಶಿಫಾರಸಿನ ಮಟ್ಟ ದಾಟಿದ ಮೇಲೆ ಇಳುವರಿ ನಿಲ್ಲುತ್ತದೆ, ಸಾರಜನಕ ಮಾತ್ರ ಗಿಡದೊಳಗೆ ಹೋಗುತ್ತಲೇ ಇರುತ್ತದೆ. ಆಗ ಪ್ರಯೋಗಾಲಯದ ವರದಿಯಲ್ಲಿ ಪ್ರೋಟೀನ್ ಹೆಚ್ಚಿದಂತೆ ಕಂಡರೂ ಅದರಲ್ಲಿ ಒಂದು ಪಾಲು ಪ್ರೋಟೀನಾಗದೆ ಉಳಿದ ಸಾರಜನಕ, ಅಂದರೆ ನೈಟ್ರೇಟ್ ಮುಂತಾದವು. ಕಚ್ಚಾ ಪ್ರೋಟೀನನ್ನು ಲೆಕ್ಕ ಹಾಕುವ ಬಗೆಯೇ ಒಟ್ಟು ಸಾರಜನಕವನ್ನು 6.25ರಿಂದ ಗುಣಿಸುವುದಾದ್ದರಿಂದ ಈ ವ್ಯತ್ಯಾಸ ಆ ಅಂಕಿಯಲ್ಲಿ ಕಾಣುವುದಿಲ್ಲ. ಇದಲ್ಲದೆ ಮುಸುಕಿನಜೋಳದ ಬಲ ಇರುವುದು ಶಕ್ತಿಯಲ್ಲಿ, ಪ್ರೋಟೀನಿನಲ್ಲಲ್ಲ. ಎಷ್ಟೇ ಗೊಬ್ಬರ ಹಾಕಿದರೂ ಕೊಯ್ಲಿನ ಹದದಲ್ಲಿ ಅದು ಸಾಮಾನ್ಯವಾಗಿ ಶೇ. 7ರಿಂದ 10ರೊಳಗೆ ಉಳಿಯುತ್ತದೆ. ಪ್ರೋಟೀನ್ ಬೇಕಿದ್ದರೆ ದ್ವಿದಳ ಮೇವನ್ನು ಸೇರಿಸಿ. ಯೂರಿಯಾ ಚೀಲದಿಂದ ಅದನ್ನು ತೆಗೆಯಲು ಹೋಗಬೇಡಿ. ಕೊನೆಯ ಮೇಲುಗೊಬ್ಬರಕ್ಕೂ ಕೊಯ್ಲಿಗೂ ಕನಿಷ್ಠ ಮೂರು ವಾರ ಅಂತರವಿರಲಿ.

ನೀರು ಕಡಿಮೆಯಿದೆ. ಯಾವ ಹಂತದಲ್ಲಿ ತಪ್ಪಿಸಬಾರದು?

ಸೂಲಂಗಿ ಮತ್ತು ತೆನೆಯ ತುದಿಯ ಎಳೆಗಳಾದ ರೇಷ್ಮೆ ಹೊರಬರುವ ಹಿಂದು ಮುಂದಿನ ಎರಡು ವಾರ. ಆಗ ಬೆಳೆ ಬಾಡಿದರೆ ಪರಾಗ ಮತ್ತು ರೇಷ್ಮೆಯ ಸಮಯ ಹೊಂದದೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಹಸಿ ಮೇವಿಗೆ ಇದು ಸಣ್ಣ ನಷ್ಟ, ರಸಮೇವಿಗೆ ದೊಡ್ಡದು. ಇನ್ನೊಂದು ಕಡೆ, ಎಳೆ ಬೆಳೆಯಲ್ಲಿ ನೀರು ನಿಂತರೆ ಒಂದೆರಡು ದಿನದಲ್ಲೇ ಗಿಡ ಹಳದಿಯಾಗಿ ಕುಗ್ಗುತ್ತದೆ. ಕಪ್ಪು ಮಣ್ಣಿನಲ್ಲಿ ದಿಂಡಿನ ಪಕ್ಕಕ್ಕೆ ಬಿತ್ತಿ ಬಸಿಗಾಲುವೆ ಬಿಡಬೇಕು. ಕೆಂಪು ಮಣ್ಣಿನಲ್ಲಿ 8ರಿಂದ 10 ದಿನಕ್ಕೊಮ್ಮೆ, ಕಪ್ಪು ಮಣ್ಣಿನಲ್ಲಿ 12 ದಿನಕ್ಕೊಮ್ಮೆ ನೀರು ಸಾಕಾಗುತ್ತದೆ. ಬೇಸಿಗೆಯಲ್ಲಿ ಅಂತರ ತಗ್ಗಿಸಬೇಕು.

ಜೊತೆಗೆ ಅಲಸಂದೆ ಹಾಕಿದರೆ ಜೋಳದ ಇಳುವರಿ ಕುಸಿಯುವುದಿಲ್ಲವೇ?

ಜೋಳದ ತೂಕ ಸ್ವಲ್ಪ ಇಳಿಯುತ್ತದೆ, ಆದರೆ ಒಟ್ಟು ಮೇವಿನ ಪ್ರೋಟೀನ್ ಆ ನಷ್ಟವನ್ನು ಮೀರಿಸುತ್ತದೆ. ಅಲಸಂದೆಯ ಒಣ ಪದಾರ್ಥದಲ್ಲಿ ಜೋಳದ ಸುಮಾರು ಎರಡರಷ್ಟು ಪ್ರೋಟೀನ್ ಇರುತ್ತದೆ. ಮೂರು ಸಾಲು ಜೋಳಕ್ಕೆ ಒಂದು ಸಾಲು, ಇಲ್ಲವೇ ಎರಡಕ್ಕೊಂದು ಸಾಲು ಅಲಸಂದೆ ಹಾಕಿ, ಎರಡನ್ನೂ 60-65 ದಿನಕ್ಕೆ ಒಟ್ಟಿಗೆ ಕೊಯ್ಯಬಹುದು. ಮಂಡ್ಯದ ವಲಯ ಕೃಷಿ ಸಂಶೋಧನಾ ಕೇಂದ್ರದ ಎಂಎಫ್‌ಸಿ-08-14 ಮೇವಿಗೆಂದೇ ಬಂದ ಅಲಸಂದೆ ತಳಿ. ಬೀಜಗಳನ್ನು ಬೆರೆಸಿ ಎರಚಬೇಡಿ. ಜೋಳದ ನೆರಳಿನಲ್ಲಿ ಅಲಸಂದೆ ಕಾಣದೇ ಹೋಗುತ್ತದೆ.

ಕಳೆನಾಶಕವಾಗಿ ಅಟ್ರಜಿನ್ ಹೊಡೆಯಬಹುದೇ?

ಬರೀ ಜೋಳವಿದ್ದರೆ, ಬಿತ್ತಿದ ಎರಡು ಮೂರು ದಿನದೊಳಗೆ, ತೇವವಿರುವ ಮಣ್ಣಿಗೆ, ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಹೊಡೆಯಬಹುದು. ಅಲಸಂದೆಯಿದ್ದರೆ ಬೇಡವೇ ಬೇಡ, ಅದು ಸತ್ತುಹೋಗುತ್ತದೆ. ಅಲ್ಲಿ ಪೆಂಡಿಮೆಥಾಲಿನ್ ಬಳಸುತ್ತಾರೆ. ಅಟ್ರಜಿನ್ ಮಣ್ಣಿನಲ್ಲಿ ಉಳಿಯುವುದರಿಂದ ಜೋಳದ ಹಿಂದೆಯೇ ಅವರೆ, ತರಕಾರಿ ಹಾಕುವವರೂ ಯೋಚಿಸಬೇಕು. ಬೆಳೆ ನೆಲ ಮುಚ್ಚುವ ಮೊದಲ 30-35 ದಿನ ಮಾತ್ರ ಕಳೆಯ ಕಾಟ. ಎರಡು ಬಾರಿ ಎಡೆಕುಂಟೆ ಹೊಡೆದರೂ ನಡೆಯುತ್ತದೆ. ಪಾರ್ಥೇನಿಯಂ ಇದ್ದರೆ ಕೈಯಿಂದ ಕಿತ್ತು ಹಾಕಿ, ಅದು ಮೇವಿನೊಡನೆ ಹೊಟ್ಟೆಗೆ ಹೋದರೆ ಹಾಲು ಕಹಿಯಾಗುತ್ತದೆ.

## ಹುಳು, ರೋಗ

ಸುಳಿಯಲ್ಲಿ ಹುಳು ಕಾಣುತ್ತಿದೆ. ಔಷಧಿ ಹೊಡೆದ ಮೇವನ್ನು ಹಸುವಿಗೆ ಹಾಕಬಹುದೇ?

ಇದು ಬಹುಶಃ ಫಾಲ್ ಸೈನಿಕ ಹುಳು. ಭಾರತದಲ್ಲಿ 2018ರಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದಲ್ಲೇ. ಸುಳಿಯ ಎಲೆ ಬಿಡಿಸಿ ನೋಡಿ: ಗರಗಸದ ಪುಡಿಯಂತಹ ಹಸಿ ಹಿಕ್ಕೆ, ಹುಳುವಿನ ತಲೆಯ ಮೇಲೆ ತಲೆಕೆಳಗಾದ ಕವೆಯಂತಹ ಬಿಳಿ ಗೆರೆ, ಹಿಂಭಾಗದಲ್ಲಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ. ಮೇವಿನ ಬೆಳೆ ಎರಡು ತಿಂಗಳಿಗೆ ಹಸುವಿನ ಬಾಯಿಗೆ ಹೋಗುವುದರಿಂದ ಇಲ್ಲಿ ಕಾಳಿನ ಬೆಳೆಯ ಔಷಧಿ ಪಟ್ಟಿಯನ್ನು ನಕಲು ಮಾಡಬಾರದು. ಮೊದಲ ಮೂರು ವಾರ ಗಿಡಗಳನ್ನು ಗಮನಿಸಿ, ಎಲೆಯ ಮೇಲೆ ಕಿಟಕಿಯ ಗಾಜಿನಂತಹ ಪಾರದರ್ಶಕ ಕಲೆಗಳು ಕಂಡ ಕೂಡಲೇ ಮೊಟ್ಟೆಯ ಗುಂಪು ಹಿಸುಕಿ, 1500 ಪಿಪಿಎಂ ಬೇವಿನ ಔಷಧಿಯನ್ನು ಲೀಟರಿಗೆ 5 ಮಿ.ಲೀ.ಯಂತೆ ಸುಳಿಗೆ ಬೀಳುವ ಹಾಗೆ ಸಿಂಪಡಿಸಿ. ಮೆಟಾರೈಜಿಯಂ ರಿಲೇಯಿ ಎಂಬ ಶಿಲೀಂಧ್ರ ಮಳೆಗಾಲದ ತಂಪಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ರಾಸಾಯನಿಕ ಬಳಸಲೇಬೇಕಾಗಿ ಬಂದರೆ ಪೊಟ್ಟಣದ ಮೇಲೆ ಕೊಯ್ಲಿಗೆ ಮುಂಚೆ ಎಷ್ಟು ದಿನ ಕಾಯಬೇಕೆಂದು ಬರೆದಿರುತ್ತದೆ, ಅಷ್ಟು ದಿನ ಆ ತುಂಡು ಜಮೀನನ್ನು ಮುಟ್ಟಬೇಡಿ. ಹುಳು ಎಲೆ ಹರಿದರೂ ಮೇವು ಕೆಡುವುದಿಲ್ಲ, ಹುಳು ತಿಂದ ಗಿಡವನ್ನು ಹಾಕಬಹುದು.

ಎಲೆ ಬಿಳಿಚಿಕೊಂಡು ಗಿಡ ಕುಳ್ಳಾಗಿ ಕೇದಿಗೆಯಂತೆ ನೆಟ್ಟಗೆ ನಿಲ್ಲುತ್ತದೆ, ಏಕೆ?

ಇದು ಕೇದಿಗೆ ರೋಗ. ರೋಗ ಬಂದ ಗಿಡಕ್ಕೆ ಮದ್ದಿಲ್ಲ. ಕಿತ್ತು ಹೊರಹಾಕಿ, ಮುಂದಿನ ಬಾರಿ ಶಿಲೀಂಧ್ರನಾಶಕ ಮೆಟಲಾಕ್ಸಿಲ್‌ನಿಂದ ಉಪಚರಿಸಿದ ಬೀಜ ಬಿತ್ತಿ.

## ಕೊಯ್ಲಿನ ಹದ

ಹಸಿ ಮೇವಿಗೆ ಯಾವಾಗ ಕೊಯ್ಯಬೇಕು? ಎಳೆಯದಾಗಿದ್ದರೆ ಒಳ್ಳೆಯದಲ್ಲವೇ?

ಅರ್ಧದಷ್ಟು ಗಿಡಗಳಲ್ಲಿ ರೇಷ್ಮೆ ಕಂಡಾಗಿನಿಂದ ಕಾಳು ಹಾಲು ತುಂಬುವವರೆಗೆ, ಅಂದರೆ ತಳಿ ಮತ್ತು ಹವೆ ನೋಡಿ 60ರಿಂದ 75 ದಿನದೊಳಗೆ. 45 ದಿನಕ್ಕೆ ಕೊಯ್ದರೆ ಪ್ರೋಟೀನ್ ಶೇಕಡಾವಾರು ಹೆಚ್ಚಿರುತ್ತದೆ ನಿಜ, ಆದರೆ ಒಣ ಪದಾರ್ಥ ತೀರಾ ಕಡಿಮೆ. ಹಸುವಿನ ಹೊಟ್ಟೆ ನೀರಿನಿಂದ ತುಂಬುತ್ತದೆ, ಸಗಣಿ ತೆಳ್ಳಗಾಗುತ್ತದೆ, ಎಕರೆಯ ಲೆಕ್ಕದಲ್ಲಿ ಒಟ್ಟು ಪ್ರೋಟೀನೂ ಕಡಿಮೆಯೇ.

ರಸಮೇವಿಗೆ ಸರಿಯಾದ ದಿನ ಗೊತ್ತು ಮಾಡುವುದು ಹೇಗೆ? ಎಷ್ಟು ದಿನಕ್ಕೆ ಎಂದು ಹೇಳಿಬಿಡಿ.

ದಿನದ ಲೆಕ್ಕ ಅಂದಾಜಿಗೆ ಮಾತ್ರ: ಹೆಚ್ಚಿನ ಹೈಬ್ರಿಡ್‌ಗಳಲ್ಲಿ 85ರಿಂದ 95ನೇ ದಿನದ ನಡುವೆ ಹದ ಬರುತ್ತದೆ. ಹದವನ್ನು ಹೇಳುವುದು ಕಾಳು. ಜಮೀನಿನ ನಡುವಿನ ನಾಲ್ಕೈದು ಗಿಡಗಳಿಂದ ತೆನೆ ಕಿತ್ತು, ಸಿಪ್ಪೆ ತೆಗೆದು, ಮಧ್ಯಕ್ಕೆ ಮುರಿಯಿರಿ. ತುದಿಯ ಕಡೆಯ ತುಂಡನ್ನು ಕೈಯಲ್ಲಿ ಹಿಡಿದು ಮುರಿದ ಬದಿಯನ್ನು ನೋಡಿದರೆ ಮೊಳಕೆಯಿಲ್ಲದ, ನುಣುಪಾದ ಕಾಳಿನ ಮುಖ ಕಾಣುತ್ತದೆ. ಕಾಳಿನ ನೆತ್ತಿಯಿಂದ ಬುಡದ ಕಡೆಗೆ ಗಟ್ಟಿ ಹಳದಿ ಭಾಗ ಇಳಿದು ಬರುತ್ತಿರುತ್ತದೆ, ಅದರ ಕೆಳಗೆ ಹಾಲಿನ ಬಿಳಿ ಭಾಗ. ಎರಡರ ನಡುವೆ ಸ್ಪಷ್ಟ ಗೆರೆಯಿರುತ್ತದೆ. ಉಗುರಿನಿಂದ ನೆತ್ತಿಯಿಂದ ಒತ್ತುತ್ತ ಬಂದರೆ ಎಲ್ಲಿ ಹಾಲು ಚಿಮ್ಮುತ್ತದೋ ಅಲ್ಲಿದೆ ಗೆರೆ. ಅದು ಕಾಳಿನ ಅರ್ಧಕ್ಕೆ ಇಳಿದಾಗ ಇಡೀ ಗಿಡದ ಒಣ ಪದಾರ್ಥ ಸಾಮಾನ್ಯವಾಗಿ ಶೇ. 30ರಿಂದ 35ರ ನಡುವೆ ಇರುತ್ತದೆ. ಅದೇ ಕೊಯ್ಲಿನ ದಿನ.

ಹುಲ್ಲು ಬಲಿತಂತೆ ನಾರು ಹೆಚ್ಚಿ ಗುಣ ಕುಗ್ಗುತ್ತದೆ ಎಂಬ ನಿಯಮ ಮುಸುಕಿನಜೋಳಕ್ಕೆ ಅರ್ಧ ಮಾತ್ರ ಅನ್ವಯಿಸುತ್ತದೆ. ದಂಟಿನಲ್ಲಿ ಲಿಗ್ನಿನ್ ಎಂಬ ಜೀರ್ಣವಾಗದ ಗಟ್ಟಿ ಅಂಶ ಹೆಚ್ಚಿ, ಜೀರ್ಣವಾಗುವ ಪಾಲು ಇಳಿಯುವುದು ನಿಜ, ಆದರೆ ಅದೇ ದಿನಗಳಲ್ಲಿ ತೆನೆಯಲ್ಲಿ ಪಿಷ್ಟ ತುಂಬುತ್ತಿರುವುದರಿಂದ ಇಡೀ ಗಿಡದಲ್ಲಿ ನಾರಿನ ಪಾಲು ಇಳಿಯಬಹುದು, ಒಟ್ಟು ಶಕ್ತಿ ಹೆಚ್ಚುತ್ತದೆ. ಕಾಳು ಪೂರ್ತಿ ಗಟ್ಟಿಯಾದ ಮೇಲೆ ಕಾದರೆ ಈ ಸಮತೋಲ ತಪ್ಪುತ್ತದೆ: ದಂಟು ಒಣಗುತ್ತದೆ, ಒಡೆಯದ ಕಾಳು ಸಗಣಿಯಲ್ಲಿ ಹಾಗೆಯೇ ಹೊರಬರುತ್ತದೆ.

ಅನುಮಾನವಿದ್ದರೆ ಕತ್ತರಿಸಿದ ಮೇವನ್ನು 100 ಗ್ರಾಂ ತೂಗಿ, ಓವನ್‌ನಲ್ಲೋ ಬಾಣಲೆಯಲ್ಲಿ ಸಣ್ಣ ಉರಿಯಲ್ಲೋ ಕರಕಲಾಗದಂತೆ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. 32 ಗ್ರಾಂ ಉಳಿದರೆ ಶೇ. 32.

ಬುಡಕ್ಕೇ ಕೊಯ್ದರೆ ತಪ್ಪೇ?

ನೆಲದಿಂದ 15 ಸೆಂ.ಮೀ. ಬಿಟ್ಟು ಕೊಯ್ದರೆ ಮಣ್ಣು ಸೇರುವುದಿಲ್ಲ. ಅದನ್ನು 40-45 ಸೆಂ.ಮೀ.ಗೆ ಏರಿಸಿದರೆ ಇಳುವರಿಯಲ್ಲಿ ಸುಮಾರು ಹತ್ತನೇ ಒಂದು ಭಾಗ ಹೋಗುತ್ತದೆ, ಆದರೆ ಬಿಟ್ಟದ್ದು ಗಿಡದ ಅತ್ಯಂತ ಕಡಿಮೆ ಜೀರ್ಣವಾಗುವ ಭಾಗ. ಮೇವು ಸಾಕಷ್ಟಿದ್ದು ಹೆಚ್ಚು ಹಾಲಿನ ಹಸುಗಳಿದ್ದರೆ ಎತ್ತರಕ್ಕೆ ಕೊಯ್ಯುವುದು ಲಾಭ. ಮೇವಿನ ಬರವಿರುವ ವರ್ಷ ಅಲ್ಲ.

ಬರಗಾಲದಲ್ಲಿ ಬಾಡಿದ ಜೋಳ ತಿಂದು ದನ ಸತ್ತವಂತೆ, ನಿಜವೇ?

ಸಾಧ್ಯ. ಗೊಬ್ಬರ ಹಾಕಿದ ಬೆಳೆ ನೀರಿಲ್ಲದೆ ಬೆಳವಣಿಗೆ ನಿಲ್ಲಿಸಿದಾಗ ಬೇರು ಹೀರಿದ ನೈಟ್ರೇಟ್ ಪ್ರೋಟೀನಾಗದೆ ದಂಟಿನಲ್ಲಿ, ಅದರಲ್ಲೂ ಕೆಳಗಿನ ಒಂದಡಿಯಲ್ಲಿ, ಸೇರಿಕೊಳ್ಳುತ್ತದೆ. ಬರದ ನಂತರ ಮಳೆ ಬಂದ ಮೊದಲ ಕೆಲವು ದಿನಗಳು ಇನ್ನೂ ಅಪಾಯಕಾರಿ. ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ. ಹಸು ಏದುಸಿರು ಬಿಡುತ್ತದೆ, ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಪಶುವೈದ್ಯರನ್ನು ಆ ಕ್ಷಣವೇ ಕರೆಯಬೇಕು. ಒಣ ಪದಾರ್ಥದಲ್ಲಿ ನೈಟ್ರೇಟ್ ಶೇ. 0.5ರೊಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಸಂಶಯದ ಬೆಳೆಯನ್ನು ಮಳೆಯಾದ ಮೇಲೆ ಒಂದು ವಾರ ಬಿಟ್ಟು, ಎತ್ತರಕ್ಕೆ ಕೊಯ್ದು, ಒಣ ಹುಲ್ಲಿನೊಡನೆ ಬೆರೆಸಿ, ಸ್ವಲ್ಪ ಸ್ವಲ್ಪವೇ ಕೊಡಬೇಕು. ರಸಮೇವು ಮಾಡಿದರೆ ಹುದುಗುವಿಕೆಯಲ್ಲಿ ನೈಟ್ರೇಟ್ ಗಣನೀಯವಾಗಿ ಇಳಿಯುತ್ತದೆ, ಒಣಗಿಸಿದರೆ ಇಳಿಯುವುದಿಲ್ಲ. ಅಂತಹ ರಸಮೇವಿನ ಗುಂಡಿಯಿಂದ ಮೊದಲ ದಿನಗಳಲ್ಲಿ ಹೊರಡುವ ಕಂದು ಅನಿಲ ವಿಷ, ಬಗ್ಗಿ ನೋಡಬೇಡಿ.

ಬೇಬಿಕಾರ್ನ್, ಸ್ವೀಟ್‌ಕಾರ್ನ್ ಕಿತ್ತ ಮೇಲಿನ ಗಿಡ ಮೇವಿಗೆ ಹೇಗೆ? ಕಾಳು ಬಿಡಿಸಿದ ದಂಟು?

ಬೇಬಿಕಾರ್ನ್ ಗಿಡ ಇನ್ನೂ ಎಳೆಯದಿರುತ್ತದೆ, ಹಸಿ ಮೇವಿನಷ್ಟೇ ಒಳ್ಳೆಯದು. ಮುರಿದ ಸೂಲಂಗಿಯೂ ಮೇವೇ. ಸ್ವೀಟ್‌ಕಾರ್ನ್ ಗಿಡದಲ್ಲಿ ತೆನೆ ಹೋಗಿದ್ದರೂ ದಂಟಿನಲ್ಲಿ ಸಕ್ಕರೆ ಉಳಿದಿರುತ್ತದೆ, ತೆನೆ ಕಿತ್ತ ಎರಡು ಮೂರು ದಿನದೊಳಗೆ ಕೊಯ್ಯಬೇಕು. ಹಾವೇರಿ, ದಾವಣಗೆರೆಗಳಲ್ಲಿ ರಾಶಿ ರಾಶಿ ಉಳಿಯುವ ಕಾಳಿನ ಬೆಳೆಯ ಒಣ ದಂಟಿನಲ್ಲಿ ಪ್ರೋಟೀನ್ ಶೇ. 3ರಿಂದ 5 ಮಾತ್ರ. ಅದು ಹೊಟ್ಟೆ ತುಂಬುವ ಒಣಮೇವು, ಹಿಂಡಿ ಮತ್ತು ಹಸಿ ಮೇವಿನ ಜೊತೆಗೇ ಕೊಡಬೇಕು. ಆದರೂ ಗದ್ದೆಯಲ್ಲಿ ಬೆಂಕಿ ಹಚ್ಚುವುದಕ್ಕಿಂತ ಕತ್ತರಿಸಿ ಹಾಕುವುದು ಎಷ್ಟೋ ವಾಸಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಬೆಳೆ ಅಷ್ಟು ಚೆನ್ನಾಗಿ ಬರಲಿಲ್ಲ, ರಸಮೇವು ಮಾಡಿದರೆ ಗುಣ ಸುಧಾರಿಸುತ್ತದೆಯೇ?

ರಸಮೇವು ಜಮೀನಿನಲ್ಲಿದ್ದ ಗುಣವನ್ನು ಉಳಿಸುತ್ತದೆ, ಸೇರಿಸುವುದಿಲ್ಲ. ಉಳಿಸುವುದೂ ನಾವು ಗಾಳಿಯನ್ನು ಎಷ್ಟು ಬೇಗ ಹೊರಹಾಕುತ್ತೇವೆ ಎಂಬುದರ ಮೇಲಿದೆ. ಒಂದೆರಡು ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ತೆಳುವಾದ ಪದರಗಳಲ್ಲಿ ಹರಡಿ ತುಳಿದು ಅಥವಾ ಟ್ರ್ಯಾಕ್ಟರ್ ಹತ್ತಿಸಿ, ಅದೇ ದಿನ ಮುಚ್ಚಬೇಕು. 45 ದಿನದ ನಂತರ ತೆಗೆಯಬಹುದು. ಒಣ ಪದಾರ್ಥ ಶೇ. 25ಕ್ಕಿಂತ ಕಡಿಮೆಯಿದ್ದರೆ ರಸ ಸೋರಿ ಸಕ್ಕರೆಯೂ ಹೋಗುತ್ತದೆ, ಶೇ. 40 ದಾಟಿದರೆ ತುಳಿದರೂ ಗಾಳಿ ಉಳಿದು ಬೂಷ್ಟು ಬರುತ್ತದೆ. ಬೂಷ್ಟು ಬಂದ ಭಾಗವನ್ನು ಒಳ್ಳೆಯದರೊಡನೆ ಬೆರೆಸಿ ಮುಗಿಸುವ ಅಭ್ಯಾಸ ಬಿಡಬೇಕು, ಅದರ ವಿಷ ಹಾಲಿಗೂ ಇಳಿಯಬಹುದು.

ಪ್ರೋಟೀನ್ ಹೆಚ್ಚಿರುವ ಕ್ಯೂಪಿಎಂ ಜೋಳ ಹಾಕಿದರೆ?

ಕ್ಯೂಪಿಎಂನಲ್ಲಿ (ಗುಣಮಟ್ಟದ ಪ್ರೋಟೀನಿನ ಮುಸುಕಿನಜೋಳ) ಹೆಚ್ಚಿರುವುದು ಕಾಳಿನ ಲೈಸಿನ್ ಮತ್ತು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲಗಳು, ಒಟ್ಟು ಪ್ರೋಟೀನ್ ಅಲ್ಲ. ಅದು ಕೋಳಿ, ಹಂದಿ, ಮನುಷ್ಯರಿಗೆ ಉಪಯುಕ್ತ. ಹಸುವಿನ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಪ್ರೋಟೀನನ್ನು ಒಡೆದು ತಮ್ಮದೇ ಬಗೆಯಲ್ಲಿ ಕಟ್ಟುವುದರಿಂದ ಹೆಚ್ಚಿನ ಬೆಲೆ ಕೊಟ್ಟು ಆ ಬೀಜ ತರಬೇಕಿಲ್ಲ.

ನಾಲ್ಕು ವರ್ಷದಿಂದ ಅದೇ ಜಮೀನಿನಲ್ಲಿ ರಸಮೇವಿನ ಜೋಳ. ಈಗ ಎಲೆಯ ಅಂಚು ಸುಟ್ಟಂತಾಗಿ ಗಿಡ ಮಲಗುತ್ತಿದೆ, ಡಿಎಪಿ ಯೂರಿಯಾ ಸರಿಯಾಗಿಯೇ ಹಾಕುತ್ತಿದ್ದೇವೆ.

ಕೆಳಗಿನ ಹಳೆಯ ಎಲೆಗಳ ಅಂಚು ಸುಡುವುದು ಪೊಟ್ಯಾಷ್ ಕೊರತೆಯ ಗುರುತು. ಕಾಳಿನ ಬೆಳೆಯಲ್ಲಿ ಪೊಟ್ಯಾಷಿನ ಬಹುಪಾಲು ದಂಟಿನಲ್ಲೇ ಉಳಿದು, ದಂಟು ಜಮೀನಿನಲ್ಲೇ ಬಿದ್ದರೆ ಮಣ್ಣಿಗೇ ಮರಳುತ್ತದೆ. ರಸಮೇವಿನಲ್ಲಿ ಇಡೀ ಗಿಡ ಹೊರಗೆ ಹೋಗುತ್ತದೆ. 4.3 ಟನ್ ಒಣ ಪದಾರ್ಥ ಶೇ. 8ರ ಪ್ರೋಟೀನಿನೊಡನೆ ಹೊರಟರೆ ಅದರೊಂದಿಗೆ ಸುಮಾರು 55 ಕೆ.ಜಿ. ಸಾರಜನಕ ಹೋಗುತ್ತದೆ, ಪೊಟ್ಯಾಷ್ ಕೂಡ, ಗೊಬ್ಬರದ ಚೀಲದ ಲೆಕ್ಕದಲ್ಲಿ, 50ರಿಂದ 60 ಕೆ.ಜಿ.ಯಷ್ಟು ಹೋಗುತ್ತದೆ. ಶಿಫಾರಸಿನ 16 ಕೆ.ಜಿ. ಇದನ್ನು ತುಂಬಲಾರದು. ಚೀಲ ಕೊಳ್ಳುವ ಮೊದಲು ಕೊಟ್ಟಿಗೆಯನ್ನು ನೋಡಿ: ಹಸು ತಿಂದ ಪೊಟ್ಯಾಷಿನ ಹೆಚ್ಚಿನ ಪಾಲು ಗಂಜಲದಲ್ಲಿ ಹೊರಬರುತ್ತದೆ, ನಮ್ಮ ಬಹಳಷ್ಟು ಕೊಟ್ಟಿಗೆಗಳಲ್ಲಿ ಅದು ಚರಂಡಿಗೆ ಹರಿಯುತ್ತಿದೆ. ಸ್ಲರಿ ಗುಂಡಿ ತೋಡಿ, ಗಂಜಲ ಮತ್ತು ಕೊಟ್ಟಿಗೆ ತೊಳೆದ ನೀರನ್ನು ಮೇವು ಬೆಳೆದ ಜಮೀನಿಗೇ ಹಾಯಿಸಿ. ಉಳಿದದ್ದನ್ನು ಮಣ್ಣು ಪರೀಕ್ಷೆ ನೋಡಿ ಮ್ಯುರೇಟ್ ಆಫ್ ಪೊಟ್ಯಾಷಿನಿಂದ ತುಂಬಿ. ನಡುವೆ ಒಂದು ಹಂಗಾಮು ಅಲಸಂದೆ ಅಥವಾ ಹುರುಳಿ ಬೆಳೆದರೆ ಸಾರಜನಕದ ಹೊರೆಯೂ ಇಳಿಯುತ್ತದೆ.

ಮೇವಿನ ಪರೀಕ್ಷೆಯ ವರದಿ ಬಂದಿದೆ. ಯಾವ ಅಂಕಿಯನ್ನು ಮೊದಲು ನೋಡಬೇಕು?

ಮೊದಲು ಒಣ ಪದಾರ್ಥ, ಏಕೆಂದರೆ ಉಳಿದ ಅಂಕಿಗಳೆಲ್ಲ ಅದರ ಶೇಕಡಾವಾರಿನಲ್ಲಿ ಇರುತ್ತವೆ. ರಸಮೇವಾದರೆ ಎರಡನೆಯದು ಪಿಷ್ಟ, ಆಮೇಲೆ ಎನ್‌ಡಿಎಫ್ ಎಂದು ಬರೆದಿರುವ ನಾರಿನ ಅಂಶ; ಒಳ್ಳೆಯ ತೆನೆಯಿದ್ದ ಬೆಳೆಯಲ್ಲಿ ಪಿಷ್ಟ ಶೇ. 25 ದಾಟುತ್ತದೆ, ನಾರು ಶೇ. 50ರ ಒಳಗೆ ಬರುತ್ತದೆ. ತೆನೆಯಿಲ್ಲದ ಹಸಿ ಮೇವಿನಲ್ಲಿ ನಾರು ಶೇ. 60ರ ಸುತ್ತ ಇದ್ದರೆ ಗಾಬರಿಯಾಗಬೇಕಿಲ್ಲ. ರಸಮೇವಿನ ಪಿಎಚ್ 4ರ ಆಸುಪಾಸಿನಲ್ಲಿರಬೇಕು. ಪ್ರೋಟೀನ್ ಅಂಕಿಯನ್ನು ಕೊನೆಗೆ ನೋಡಿ, ಅದು ಹಿಂಡಿ ಎಷ್ಟು ಸೇರಿಸಬೇಕೆಂದು ಹೇಳುತ್ತದೆ. ಮಾದರಿಯನ್ನು ಮೇಲ್ಪದರದಿಂದ ಒಂದು ಹಿಡಿ ತೆಗೆದು ಕಳಿಸಿದ್ದರೆ ಈ ಯಾವ ಅಂಕಿಗೂ ಬೆಲೆಯಿಲ್ಲ. ಏಳೆಂಟು ಕಡೆಯಿಂದ ತೆಗೆದು, ಬೆರೆಸಿ, ಗಾಳಿಯಾಡದ ಚೀಲದಲ್ಲಿ ಅದೇ ದಿನ ಕಳಿಸಬೇಕು.